ಸಹಿ ಬಿದ್ದ ಮಾತ್ರಕ್ಕೆ ಮುಗಿಯಿತೇ?

ನೀಲಗಿರಿಯ ಕೀಳ್ ಕೋತಗಿರಿ ಸುತ್ತಿನ ಹಟ್ಟಿಗಳಿಂದ ಐವಿಎಫ್ ಚಿಕಿತ್ಸೆಗೆ ಹೊರಟವರು ಸಾಮಾನ್ಯವಾಗಿ ಹಿಡಿಯುವುದು ಕೊಯಮತ್ತೂರಿನ ದಾರಿ. ಕೋತಗಿರಿಗೆ ಬಂದು, ಘಾಟಿ ಇಳಿದು, ಮೇಟುಪಾಳಯ ದಾಟಿ ಪೇಟೆ ಸೇರಬೇಕು. ಹತ್ತು ಹನ್ನೆರಡು ದಿನ ಹೊಟ್ಟೆಗೆ ಚುಚ್ಚುಮದ್ದು, ನಡುನಡುವೆ ಸ್ಕ್ಯಾನ್, ರಕ್ತಪರೀಕ್ಷೆ. ಆಮೇಲೆ ಅರಿವಳಿಕೆ ಕೊಟ್ಟು ಅಂಡಾಣು ತೆಗೆಯುವ ದಿನ. ಅದಕ್ಕೆ ಮುಂಚೆ ಒಂದು ಕಟ್ಟು ಕಾಗದ ಕೈಗೆ ಬರುತ್ತದೆ. ಗುರುತು ಹಾಕಿದ ಕಡೆಯಲ್ಲೆಲ್ಲ ಗಂಡನದೊಂದು ಸಹಿ, ಹೆಂಡತಿಯದೊಂದು ಸಹಿ. ಆ ಕಟ್ಟಿನೊಳಗಿನ ಒಂದು ಹಾಳೆ ಕೇಳುತ್ತದೆ: ಉಳಿದ ಭ್ರೂಣಗಳನ್ನು ಏನು ಮಾಡಬೇಕು? ಇಬ್ಬರಲ್ಲಿ ಒಬ್ಬರು ತೀರಿಕೊಂಡರೆ ಏನು ಮಾಡಬೇಕು? ಅವಧಿ ಮುಗಿದ ಮೇಲೆ ನಾಶವಾಗಲು ಬಿಡಬೇಕೋ, ಸಂಶೋಧನೆಗೆ ಕೊಡಬೇಕೋ? ಪ್ರತಿ ಪ್ರಶ್ನೆಯ ಎದುರಿಗೆ ಒಂದು ಚೌಕ. ಟಿಕ್ ಹಾಕಬೇಕು, ಕೆಳಗೆ ಸಹಿ ಮಾಡಬೇಕು.

ಆ ಹೊತ್ತಿಗೆ ಒಂದು ಭ್ರೂಣವೂ ರೂಪುಗೊಂಡಿರುವುದಿಲ್ಲ. ವರ್ಷಗಟ್ಟಲೆ ಊರ ಬಾಯಿಗೆ ಸಿಕ್ಕು ನೊಂದ ಹೆಣ್ಣಿಗೆ ಒಂದೇ ಒಂದು ಮಗು ಬೇಕಾಗಿರುತ್ತದೆ. ‘ಉಳಿದದ್ದು’ ಎಂಬ ಮಾತು ಅವಳ ಮನಸ್ಸಿನ ಹತ್ತಿರಕ್ಕೂ ಸುಳಿದಿರುವುದಿಲ್ಲ. ಆದರೂ ಆ ದಿನ ಹಾಕಿದ ಆ ಗುರುತನ್ನೇ ಅವಳ ಕೊನೆಯ ತೀರ್ಮಾನ ಎಂದು ಎಣಿಸಲಾಗುತ್ತದೆ.

ಈ ಏರ್ಪಾಡಿನಲ್ಲಿ ತಪ್ಪೇನೂ ಇಲ್ಲ ಎಂಬುದು ಇಂದು ವೈದ್ಯರು, ವಕೀಲರು, ಓದಿದ ಮಂದಿ ಎಲ್ಲರೂ ಸಲೀಸಾಗಿ ಒಪ್ಪಿಕೊಂಡಿರುವ ಅಭಿಪ್ರಾಯ. ದಂಪತಿಯ ಖಾಸಗಿ ವಿಷಯ, ಅವರೇ ಸಹಿ ಹಾಕಿದ್ದಾರೆ, 2021ರಲ್ಲಿ ಕಾನೂನೂ ಬಂದಿದೆ, ಹತ್ತು ವರ್ಷ ಕಳೆದರೆ ಭ್ರೂಣ ತಾನಾಗಿ ಇಲ್ಲವಾಗುತ್ತದೆ, ಇನ್ನು ಚರ್ಚೆ ಯಾತಕ್ಕೆ ಎನ್ನುತ್ತಾರೆ. ಇದರ ಜೊತೆಗೆ ಇನ್ನೊಂದು ಮಾತೂ ಸೇರಿಕೊಳ್ಳುತ್ತದೆ: ಭ್ರೂಣದ ಬಗೆಗಿನ ತಕರಾರೆಲ್ಲ ಅಮೆರಿಕದ ಚರ್ಚುಗಳದ್ದು, ನಮ್ಮ ಸಮಾಜಕ್ಕೆ ಆ ಸಂಕಟ ಇಲ್ಲ.

ಈ ಅಭಿಪ್ರಾಯ ಸುಳ್ಳು ಮಾತ್ರವಲ್ಲ, ಹಾನಿಕರ. ಚಿಕಿತ್ಸೆ ಕೊಡುವವರೂ ಕಾನೂನು ಮಾಡಿದವರೂ ಹೊರಬೇಕಾದ ಹೊಣೆಯನ್ನು ಅದು ಪೂರ್ತಿಯಾಗಿ ಆ ಹೆಣ್ಣಿನ ತಲೆಗೆ ಕಟ್ಟುತ್ತದೆ.

‘ನಮ್ಮ ಸಮಸ್ಯೆಯಲ್ಲ’ ಎಂಬ ಮಾತನ್ನೇ ಮೊದಲು ನೋಡಬೇಕು. ಭ್ರೂಣವನ್ನು ಘನೀಕರಿಸಿ, ಮತ್ತೆ ಕರಗಿಸಿ, ಗರ್ಭಕ್ಕೆ ಸೇರಿಸಿ ಮಗು ಪಡೆಯುವ ದಾರಿಯನ್ನು ಜಗತ್ತಿನಲ್ಲಿ ಮೊದಲು ತುಳಿದದ್ದು ಕೊಲ್ಕತ್ತದ ವೈದ್ಯ ಸುಭಾಷ್ ಮುಖೋಪಾಧ್ಯಾಯ. ಇಂಗ್ಲೆಂಡಿನಲ್ಲಿ ಜಗತ್ತಿನ ಮೊದಲ ಐವಿಎಫ್ ಮಗು ಲೂಯಿಸ್ ಬ್ರೌನ್ ಹುಟ್ಟಿ ಎರಡೂಕಾಲು ತಿಂಗಳಿಗೆ, 1978ರ ಅಕ್ಟೋಬರ್ 3ರಂದು, ‘ದುರ್ಗಾ’ ಹುಟ್ಟಿದಳು. ಅವಳಾದ ಭ್ರೂಣ 53 ದಿನ ಘನೀಕೃತ ಸ್ಥಿತಿಯಲ್ಲಿತ್ತು. ಪಶ್ಚಿಮ ಬಂಗಾಳ ಸರ್ಕಾರ ನೇಮಿಸಿದ ಸಮಿತಿ ಮುಖೋಪಾಧ್ಯಾಯರನ್ನು ನಂಬಲಿಲ್ಲ. ಅವಮಾನ ತಾಳಲಾರದೆ 1981ರಲ್ಲಿ ಅವರು ಪ್ರಾಣ ಬಿಟ್ಟರು. ಅವರ ಟಿಪ್ಪಣಿಗಳನ್ನು ಓದಿ ನ್ಯಾಯ ಒದಗಿಸಿದವರು ಬೆಂಗಳೂರಿನಲ್ಲಿ ನೆಲೆಸಿದ್ದ ವಿಜ್ಞಾನಿ ಟಿ. ಸಿ. ಆನಂದ್ ಕುಮಾರ್. 1986ರಲ್ಲಿ ಮುಂಬೈಯಲ್ಲಿ ಐವಿಎಫ್ ಮಗು ಹರ್ಷಾಳ ಜನನಕ್ಕೆ ಕಾರಣವಾದ ತಂಡದಲ್ಲಿದ್ದ ಅವರು, 1997ರಲ್ಲಿ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಮುಖೋಪಾಧ್ಯಾಯರೇ ಮೊದಲಿಗರೆಂದು ಬರೆದರು. ಭ್ರೂಣವನ್ನು ಶೀತದಲ್ಲಿಟ್ಟು ಕಾಪಾಡುವ ವಿದ್ಯೆಯಿಂದ ಮೊದಲು ಮಗು ಪಡೆದ ದೇಶವೇ ಆ ವಿದ್ಯೆ ತಂದ ಪ್ರಶ್ನೆಗಳು ಪರದೇಶದವು ಎಂದರೆ ಒಪ್ಪಲಾಗುತ್ತದೆಯೇ?

ಬೆಂಗಳೂರಿಗೆ ಈ ವಿಷಯದಲ್ಲಿ ಇನ್ನೂ ಹತ್ತಿರದ ನಂಟಿದೆ. 2001ರ ಆಗಸ್ಟ್ 9ರಂದು ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್, ಅಂದಿನವರೆಗೆ ಸಿದ್ಧವಾಗಿದ್ದ ಭ್ರೂಣ ಕಾಂಡಕೋಶಗಳ ಮೇಲಿನ ಸಂಶೋಧನೆಗೆ ಮಾತ್ರ ಸರ್ಕಾರದ ಹಣ ಎಂದು ಘೋಷಿಸಿದರು. ಆಮೇಲೆ ಹೊರಬಂದ ಪಟ್ಟಿಯಲ್ಲಿ ಮುಂಬೈಯ ರಿಲಯನ್ಸ್ ಲೈಫ್ ಸೈನ್ಸಸ್‌ನ ಏಳು, ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಮೂರು ಕಾಂಡಕೋಶ ಸಾಲುಗಳಿದ್ದವು. ಭ್ರೂಣ ಕಾಂಡಕೋಶ ಎಂದರೆ ಯಾವುದೋ ಒಂದು ಮಾನವ ಭ್ರೂಣದಿಂದ ತೆಗೆದದ್ದು. ಆ ಭ್ರೂಣದ ಹಿಂದೆ ಚುಚ್ಚುಮದ್ದು ತೆಗೆದುಕೊಂಡ ಒಬ್ಬ ಹೆಣ್ಣು ಇದ್ದಾಳೆ. ಆಗ ದೇಶದಲ್ಲಿ ಈ ಬಗ್ಗೆ ಯಾವ ಕಾಯಿದೆಯೂ ಇರಲಿಲ್ಲ. 2009ರಲ್ಲಿ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವಿಜ್ಞಾನ ಕೇಂದ್ರದ ಮನೀಷಾ ಇನಾಮ್‌ದಾರ್ ಮತ್ತು ಸಂಗಡಿಗರು, ಗರ್ಭಕ್ಕೆ ಸೇರಿಸಲು ತಕ್ಕುದಲ್ಲವೆಂದು ಬಿಟ್ಟ ಭ್ರೂಣಗಳಿಂದ ಎರಡು ಹೊಸ ಕಾಂಡಕೋಶ ಸಾಲುಗಳನ್ನು ಬೆಳೆಸಿ ಪ್ರಕಟಿಸಿದರು. ಒಳ್ಳೆಯ ವಿಜ್ಞಾನ ಅದು. ಉಳಿದ ಭ್ರೂಣ ಸಂಶೋಧನೆಗೆ ಹೋಗಬಾರದೆಂದು ಇಲ್ಲಿ ಯಾರೂ ವಾದಿಸುತ್ತಿಲ್ಲ. ಆದರೆ ಹಾಳೆಯ ಮೇಲೆ ‘ಸಂಶೋಧನೆ’ ಎಂಬ ಚೌಕಕ್ಕೆ ಟಿಕ್ ಹಾಕುವಾಗ, ಆ ಭ್ರೂಣದ ಕೋಶಗಳು ಪ್ರಯೋಗಾಲಯದಲ್ಲಿ ವರ್ಷಾನುಗಟ್ಟಲೆ ಬೆಳೆಯುತ್ತಲೇ ಇರಬಹುದು, ದೇಶ ದೇಶ ಸುತ್ತಬಹುದು ಎಂಬುದನ್ನು ಕೋತಗಿರಿಯಿಂದ ಇಳಿದು ಬಂದ ಹೆಣ್ಣಿಗೆ ಕೂರಿಸಿ ಹೇಳಬೇಡವೇ? ಹೇಳಿದ ಮೇಲೂ ಅವಳು ಒಪ್ಪಿದರೆ ಅದು ದಾನ. ಹೇಳದೆ ಪಡೆದರೆ ಅದಕ್ಕೆ ದಾನವೆಂಬ ಹೆಸರು ಸಲ್ಲದು.

ಇನ್ನು ಸಹಿಯ ವಿಷಯ. ನೀಲಗಿರಿಯ ಬಡಗರು ಮನೆಯಲ್ಲಿ ಆಡುವುದು ಬಡಗು; ಕನ್ನಡಕ್ಕೆ ಒಡಹುಟ್ಟಿದಂಥ ನುಡಿ. ಅದಕ್ಕೆ ರೂಢಿಯಲ್ಲಿ ತನ್ನದೇ ಲಿಪಿ ಇಲ್ಲ. ಶಾಲೆಯಲ್ಲಿ ತಮಿಳು, ಆಸ್ಪತ್ರೆಯ ಕಾಗದದಲ್ಲಿ ಇಂಗ್ಲಿಷು. ನೋವು, ಆಸೆ, ಭಯ ಎಲ್ಲವನ್ನೂ ಬಾಯಿಮಾತಿನಲ್ಲೇ ಹಂಚಿಕೊಂಡು ಬಂದ ಸಮುದಾಯಕ್ಕೆ ಜೀವನದ ಅತಿ ಸೂಕ್ಷ್ಮವಾದ ಪ್ರಶ್ನೆಯನ್ನು ಅಚ್ಚಾದ ಹಾಳೆಯಲ್ಲಿ ಕೇಳುವುದು, ಉತ್ತರಕ್ಕೆ ಕೆಲವೇ ನಿಮಿಷ ಕೊಡುವುದು, ಆಮೇಲೆ ‘ಅರಿತು ಕೊಟ್ಟ ಒಪ್ಪಿಗೆ’ ಎಂದು ದಾಖಲೆ ಮಾಡುವುದು ಯಾವ ನ್ಯಾಯ? ಇರುಳರ, ಕುರುಂಬರ, ಕೋತರ ಹೆಣ್ಣುಮಕ್ಕಳ ಸ್ಥಿತಿ ಇದಕ್ಕಿಂತ ಕಷ್ಟದ್ದು. ಓದು ಬಲ್ಲ ಬೆಂಗಳೂರಿನ ದಂಪತಿಗೂ ಆ ಹಾಳೆ ಸುಲಭವಲ್ಲ. ಚಿಕಿತ್ಸೆ ನಿಂತುಹೋದೀತು ಎಂಬ ಭಯ ಇದ್ದಾಗ ಯಾರೂ ಪ್ರಶ್ನೆ ಕೇಳುವುದಿಲ್ಲ, ತೋರಿಸಿದ ಕಡೆ ಸಹಿ ಹಾಕುತ್ತಾರೆ.

ಹಾಗೆ ಪಡೆದ ಒಪ್ಪಿಗೆ ಕಾಲದ ಜೊತೆ ಬದಲಾಗದೆ ನಿಲ್ಲುತ್ತದೆ ಎಂಬುದೂ ತಪ್ಪು ಕಲ್ಪನೆ. ಮಗುವಿಲ್ಲದಾಗ ಭ್ರೂಣ ಎಂದರೆ ಒಂದು ಅವಕಾಶ. ಮಗು ಹುಟ್ಟಿ, ಮಡಿಲಲ್ಲಿ ನಕ್ಕು, ಶಾಲೆಗೆ ಹೊರಟ ಮೇಲೆ ಅದೇ ಭ್ರೂಣ ಆ ಮಗುವಿನ ಒಡಹುಟ್ಟಾಗಬಹುದಾದದ್ದು. ಒಂದೇ ದಿನ, ಒಂದೇ ಬಟ್ಟಲಲ್ಲಿ ರೂಪುಗೊಂಡವು; ಒಂದು ಮನೆಗೆ ಬಂತು, ಮೂರು ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಉಳಿದವು. ಆ ಮೂರರ ಬಗ್ಗೆ ತಾಯಿಗೆ ಅನ್ನಿಸುವುದನ್ನು ವರ್ಷಗಳ ಹಿಂದಿನ ಟಿಕ್ ಗುರುತು ಹೇಳಬಲ್ಲದೇ?

ಈ ‘ಉಳಿದವು’ ಎಲ್ಲಿಂದ ಬಂದವು ಎಂದು ಯಾರೂ ಕೇಳುತ್ತಿಲ್ಲ. ಅವು ಆಕಸ್ಮಿಕವಾಗಿ ಉಳಿದವಲ್ಲ. ಹೆಚ್ಚು ಅಂಡಾಣು ಸಿಗಲೆಂದೇ ಅಂಡಾಶಯವನ್ನು ಔಷಧದಿಂದ ಪ್ರಚೋದಿಸುತ್ತಾರೆ. ಹನ್ನೆರಡು ಅಂಡಾಣು ಸಿಕ್ಕಿದವು ಎಂದುಕೊಂಡರೆ, ಅವುಗಳಲ್ಲಿ ಎಂಟು ಫಲಿಸಬಹುದು, ಐದನೆಯ ದಿನಕ್ಕೆ ನಾಲ್ಕು ಚೆನ್ನಾಗಿ ಬೆಳೆದಿರಬಹುದು. ಒಂದನ್ನೋ ಎರಡನ್ನೋ ಗರ್ಭಕ್ಕೆ ಸೇರಿಸುತ್ತಾರೆ, ಮಿಕ್ಕದ್ದು ಫ್ರೀಜ್. ಒಮ್ಮೆ ಸೋತರೆ ಮತ್ತೆ ಚುಚ್ಚುಮದ್ದಿನ ಹಿಂಸೆ ಇಲ್ಲದೆ ಇನ್ನೊಮ್ಮೆ ಪ್ರಯತ್ನಿಸಬಹುದು. ಅವಳಿ ತ್ರಿವಳಿಗಳ ಅಪಾಯವೂ ತಗ್ಗುತ್ತದೆ. ಫ್ರೀಜ್ ಮಾಡುವುದು ತಪ್ಪಲ್ಲ. ತಪ್ಪು ಇರುವುದು ಬೇರೆ ಕಡೆ. ಎಷ್ಟು ಅಂಡಾಣುಗಳನ್ನು ಫಲೀಕರಿಸಬೇಕು ಎಂದು ದಂಪತಿಯನ್ನು ಕೇಳಿ ತೀರ್ಮಾನಿಸುವ ಪದ್ಧತಿ ಕಡ್ಡಾಯವಿಲ್ಲ. ಸಿಕ್ಕಷ್ಟನ್ನೂ ಫಲೀಕರಿಸುವುದು ಲ್ಯಾಬಿನ ರೂಢಿ. ಕೆಲವನ್ನು ಫಲೀಕರಿಸಿ ಮಿಕ್ಕವನ್ನು ಅಂಡಾಣುವಾಗಿಯೇ ಫ್ರೀಜ್ ಮಾಡುವ ತಂತ್ರ ಇಂದು ಸಾಧ್ಯ. ಅಂಡಾಣುವನ್ನು ಬಿಟ್ಟುಕೊಡುವುದು ಭ್ರೂಣವನ್ನು ಬಿಟ್ಟುಕೊಟ್ಟಷ್ಟು ಮನಸ್ಸನ್ನು ಕೊರೆಯುವುದಿಲ್ಲ. ಈ ಆಯ್ಕೆ ಇದೆ ಎಂದು ಎಷ್ಟು ಮಂದಿಗೆ ಮೊದಲೇ ಹೇಳುತ್ತಾರೆ?

ನಮ್ಮ ಕಾನೂನು ಎಣಿಸುವುದೇ ಇಲ್ಲ ಎಂದಲ್ಲ. 2021ರ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯಿದೆ ಅಂಡಾಣು ದಾನಿ ಬದುಕಿನಲ್ಲಿ ಒಮ್ಮೆ ಮಾತ್ರ ಕೊಡಬಹುದು, ಏಳಕ್ಕಿಂತ ಹೆಚ್ಚು ತೆಗೆಯಬಾರದು ಎಂದು ಕಟ್ಟುನಿಟ್ಟು ಮಾಡಿದೆ. ದಾನಿಯ ಮೈಯನ್ನು ಕಾಪಾಡಲು ಅಂಕಿ ಬೇಕೆಂದು ಕಂಡ ಸಂಸತ್ತಿಗೆ ಚಿಕಿತ್ಸೆ ಪಡೆಯುವ ಹೆಣ್ಣಿನ ಹೆಸರಲ್ಲಿ ಎಷ್ಟು ಭ್ರೂಣ ರೂಪುಗೊಳ್ಳಬಹುದು ಎಂಬ ಬಗ್ಗೆ ಒಂದು ಮಾತೂ ಬೇಕೆನಿಸಲಿಲ್ಲ. ಇಟಲಿ 2004ರಲ್ಲಿ ಮೂರಕ್ಕಿಂತ ಹೆಚ್ಚು ಭ್ರೂಣ ಮಾಡಬಾರದು, ಮಾಡಿದ್ದೆಲ್ಲವನ್ನೂ ಒಟ್ಟಿಗೆ ಗರ್ಭಕ್ಕೆ ಸೇರಿಸಬೇಕು ಎಂದು ಕಾನೂನು ಮಾಡಿ ಹೆಂಗಸರ ಆರೋಗ್ಯವನ್ನು ಪಣಕ್ಕಿಟ್ಟಿತು. 2009ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಅದನ್ನು ಬಿಡಿಸಿತು. ಅಂಥ ಒರಟು ಅಂಕುಶ ಬೇಡ. ಆದರೆ ಪ್ರತಿ ಹೆಣ್ಣಿನ ವಯಸ್ಸು, ಅವಳ ಅಂಡಾಶಯದ ಸ್ಥಿತಿ, ಅವಳಿಗೆ ಬೇಕಾದ ಮಕ್ಕಳ ಸಂಖ್ಯೆ ನೋಡಿ, ಅವಳನ್ನೇ ಕೇಳಿ, ಬರೆದಿಟ್ಟು ಮುಂದುವರಿಯಬೇಕೆಂಬ ನಿಯಮಕ್ಕೂ ಒರಟುತನಕ್ಕೂ ಏನು ಸಂಬಂಧ?

ಕಾಯಿದೆಯ 28ನೆಯ ಕಲಮು ಭ್ರೂಣವನ್ನು ಹತ್ತು ವರ್ಷಕ್ಕಿಂತ ಹೆಚ್ಚು ಇಡುವಂತಿಲ್ಲ ಎನ್ನುತ್ತದೆ. ಆಮೇಲೆ ಎರಡೇ ದಾರಿ: ನಾಶವಾಗಲು ಬಿಡುವುದು, ಇಲ್ಲವೇ ದಂಪತಿಯ ಒಪ್ಪಿಗೆಯಿಂದ ನೋಂದಾಯಿತ ಸಂಶೋಧನಾ ಸಂಸ್ಥೆಗೆ ಕೊಡುವುದು. 29ನೆಯ ಕಲಮು ಭ್ರೂಣವನ್ನು ಬೇರೊಬ್ಬರಿಗೆ ಮಾರುವುದನ್ನೂ ವರ್ಗಾಯಿಸುವುದನ್ನೂ ತಡೆಯುತ್ತದೆ. ತಮ್ಮ ಸ್ವಂತ ಬಳಕೆಗೆ ಸಾಗಿಸಲು ಮಾತ್ರ ಕಾಯಿದೆಯಡಿಯ ರಾಷ್ಟ್ರೀಯ ಮಂಡಳಿಯ ಅನುಮತಿಯಿಂದ ಅವಕಾಶ. ಮಾರಾಟ ತಡೆದದ್ದು ಸರಿ. ಆದರೆ ಮಕ್ಕಳಿಲ್ಲದ ಇನ್ನೊಂದು ದಂಪತಿಗೆ ಬೆಲೆಯಿಲ್ಲದೆ ಕೊಡುವ ದಾರಿಯನ್ನೂ ಏಕೆ ಮುಚ್ಚಬೇಕಿತ್ತು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2005ರ ಮಾರ್ಗಸೂಚಿ ಒಪ್ಪಿಗೆಯ ಮೇಲೆ ಅದಕ್ಕೆ ಎಡೆ ಕೊಟ್ಟಿತ್ತು. ವೀರ್ಯ ದಾನಕ್ಕೆ ದಾರಿ ಇದೆ. ಅಂಡಾಣು ದಾನಕ್ಕೆ ದಾರಿ ಇದೆ. ಅದಕ್ಕಾಗಿ ಇನ್ನೊಬ್ಬ ಹೆಣ್ಣು ಚುಚ್ಚುಮದ್ದು ತೆಗೆದುಕೊಂಡು, ಅರಿವಳಿಕೆಗೆ ಒಳಗಾಗಬೇಕು. ಈಗಾಗಲೇ ರೂಪುಗೊಂಡ, ಯಾರ ಮೈಗೂ ಹೊಸ ನೋವು ಕೊಡಬೇಕಿಲ್ಲದ ಭ್ರೂಣವನ್ನು ಮಾತ್ರ ಹಾಳಾಗಲು ಬಿಡಬೇಕು. ಇದರಲ್ಲಿ ಯಾವ ನೀತಿ ಇದೆ?

ಅಂಡಾಣುವಿನ ವ್ಯಾಪಾರ ಎಂಥದೆಂದು ನೀಲಗಿರಿಯ ಪಕ್ಕದ ಈರೋಡು ಜಿಲ್ಲೆಯೇ ತೋರಿಸಿತು. 2022ರಲ್ಲಿ ಅಲ್ಲಿ ಹದಿನಾರು ವರ್ಷದ ಹುಡುಗಿಯೊಬ್ಬಳ ಅಂಡಾಣುಗಳನ್ನು, ನಕಲಿ ಆಧಾರ್ ಕಾರ್ಡಿನಲ್ಲಿ ವಯಸ್ಸು ಹೆಚ್ಚಿಸಿ, ಮತ್ತೆ ಮತ್ತೆ ಮಾರಲಾಗಿತ್ತೆಂಬುದು ಬಯಲಾಯಿತು. ತಾಯಿಯೇ ಬಂಧನಕ್ಕೊಳಗಾದಳು. ತಮಿಳುನಾಡು ಸರ್ಕಾರ ಆಸ್ಪತ್ರೆಗಳ ಮೇಲೆ ಕ್ರಮ ಕೈಗೊಂಡಿತು. ಕಾಗದದಲ್ಲಿ ಆ ಹುಡುಗಿಯ ವಯಸ್ಸಿತ್ತು, ಒಪ್ಪಿಗೆ ಇತ್ತು, ಸಹಿ ಇತ್ತು. ಎಲ್ಲ ದಾಖಲೆಯೂ ಇದ್ದ ಕಡೆಯೇ ಇಷ್ಟು ಘೋರ ನಡೆದಿರುವಾಗ ಭ್ರೂಣದ ವಿಷಯಕ್ಕೂ ದಾಖಲೆ ಸಾಕು ಎಂದು ನಿಶ್ಚಿಂತೆಯಿಂದ ಇರುವುದು ಹೇಗೆ?

ಹತ್ತು ವರ್ಷದ ಮಿತಿ ಮೇಲ್ನೋಟಕ್ಕೆ ಉದಾರವಾಗಿ ಕಾಣುತ್ತದೆ. ಅದೇ ಕಾಯಿದೆ ಚಿಕಿತ್ಸೆಗೆ ಹೆಣ್ಣಿನ ವಯಸ್ಸು ಐವತ್ತಕ್ಕಿಂತ ಕಡಿಮೆ, ಗಂಡಿನದು ಐವತ್ತೈದಕ್ಕಿಂತ ಕಡಿಮೆ ಇರಬೇಕು ಎಂದಿದೆ. ನಲವತ್ತಮೂರಕ್ಕೆ ಭ್ರೂಣ ಫ್ರೀಜ್ ಮಾಡಿಸಿದ ಹೆಣ್ಣಿಗೆ ಹಾಗಾದರೆ ಹತ್ತು ವರ್ಷ ಎಲ್ಲಿದೆ? ಏಳು ವರ್ಷಕ್ಕೆ ಬಾಗಿಲು ಮುಚ್ಚುತ್ತದೆ. ಮಿಕ್ಕ ಮೂರು ವರ್ಷ ಅವಳು ಬಳಸಲಾರದ ಭ್ರೂಣಕ್ಕೆ ಬಾಡಿಗೆ ಕಟ್ಟಬೇಕು. ಮದುವೆ ತಡವಾದ, ಹಣ ಕೂಡಿಸಿಕೊಳ್ಳಲು ತಡವಾದ, ಹಲವು ಚಿಕಿತ್ಸೆ ಸೋತು ಕೊನೆಗೆ ಐವಿಎಫ್‌ಗೆ ಬಂದ ಹೆಣ್ಣುಮಕ್ಕಳೇ ಇಲ್ಲಿ ಸಿಕ್ಕಿಬೀಳುವವರು.

ಬಾಡಿಗೆ ತಾಯ್ತನದ ವಯಸ್ಸಿನ ಮಿತಿಯಿಂದಲೂ ಹಲವು ದಂಪತಿಗಳು ಹೀಗೇ ನಡುದಾರಿಯಲ್ಲಿ ನಿಂತರು. ಕಾನೂನು ಬರುವ ಮುಂಚೆ ಭ್ರೂಣ ಫ್ರೀಜ್ ಮಾಡಿಸಿದ್ದರು. ಕಾನೂನು ಬಂದ ಮೇಲೆ ವಯಸ್ಸು ಮೀರಿತು ಎಂದು ಅವರಿಗೆ ತಡೆ ಬಿತ್ತು. 2025ರ ಅಕ್ಟೋಬರ್ 9ರಂದು ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಕೆ. ವಿ. ವಿಶ್ವನಾಥನ್ ಅವರಿದ್ದ ಸುಪ್ರೀಂ ಕೋರ್ಟ್ ಪೀಠ, ಕಾನೂನು ಜಾರಿಗೆ ಬಂದ 2022ರ ಜನವರಿ 25ಕ್ಕೆ ಮೊದಲು ಭ್ರೂಣ ಫ್ರೀಜ್ ಮಾಡಿಸಿ ಬಾಡಿಗೆ ತಾಯ್ತನದ ಹಾದಿ ಹಿಡಿದಿದ್ದವರಿಗೆ ಆ ವಯೋಮಿತಿ ಅನ್ವಯಿಸದು ಎಂದು ತೀರ್ಪಿತ್ತಿತು. ಭ್ರೂಣ ರೂಪಿಸಿ ಫ್ರೀಜ್ ಮಾಡಿಸಿದಾಗಲೇ ದಂಪತಿಯ ಪ್ರಯತ್ನ ಆರಂಭವಾಯಿತು ಎಂದು ನ್ಯಾಯಾಲಯ ಕಂಡಿತು. ಇದು ಬಹು ದೊಡ್ಡ ಮಾತು. ದ್ರವ ಸಾರಜನಕದ ಕ್ಯಾನಿನೊಳಗಿನ ಭ್ರೂಣ ಬರೀ ಲ್ಯಾಬಿನ ಸಾಮಗ್ರಿಯಲ್ಲ, ಇಬ್ಬರು ತಮ್ಮ ಬಾಳಿನ ಬಗ್ಗೆ ಮಾಡಿದ ಸಂಕಲ್ಪದ ಗುರುತು ಎಂದು ದೇಶದ ಅತ್ಯುನ್ನತ ನ್ಯಾಯಾಲಯ ಒಪ್ಪಿಕೊಂಡಂತೆ. ಆದರೆ ಆ ನ್ಯಾಯ ಪಡೆಯಲು ದಂಪತಿಗಳು ದೆಹಲಿಯವರೆಗೆ ಹೋಗಬೇಕಾಯಿತು. ಕೀಳ್ ಕೋತಗಿರಿಯ ಟೀ ತೋಟದವರು ಹೋಗಬಲ್ಲರೇ?

ಹಣದ ಮಾತು ಬಂದಾಗ ಬೆಟ್ಟದ ಲೆಕ್ಕ ಹೇಳಲೇಬೇಕು. 2023ರ ಸೆಪ್ಟೆಂಬರಿನಲ್ಲಿ ನೀಲಗಿರಿಯ ಬಡಗ ಬೆಳೆಗಾರರು ಹಸಿ ಟೀ ಎಲೆಗೆ ಕಿಲೋಗೆ ಮೂವತ್ತಮೂರೂವರೆ ರೂಪಾಯಿ ಬೆಲೆ ಬೇಕೆಂದು ಉಪವಾಸ ಕೂತಿದ್ದರು. ಕೇಳಿದ ಬೆಲೆ ಸಿಕ್ಕಿತೆಂದೇ ಇಟ್ಟುಕೊಳ್ಳಿ. ಒಂದು ಸುತ್ತಿನ ಐವಿಎಫ್‌ಗೆ ಎರಡು ಲಕ್ಷ ತಗಲಿದರೆ ಅದು ಹತ್ತಿರ ಹತ್ತಿರ ಆರು ಸಾವಿರ ಕಿಲೋ ಎಲೆಯ ಬೆಲೆ. ಗೊಬ್ಬರ, ಕೂಲಿ ಕಳೆಯುವ ಮುಂಚಿನ ಲೆಕ್ಕ. ಅದರ ಮೇಲೆ ಭ್ರೂಣ ಕಾಪಾಡಲು ವರ್ಷ ವರ್ಷ ಸಾವಿರಗಟ್ಟಲೆ. ಎಲೆಯ ಬೆಲೆ ಇಳಿದ ವರ್ಷ ಆ ಹಣ ಕಟ್ಟಲು ಆಗದಿದ್ದರೆ? ಮೊಬೈಲ್ ನಂಬರ್ ಬದಲಾಗಿ ಆಸ್ಪತ್ರೆಯ ಕರೆ ತಲುಪದಿದ್ದರೆ? ಹಣ ಕಟ್ಟಲಾಗದವನ ಮೌನವನ್ನು ‘ಬೇಡವೆಂದು ಬಿಟ್ಟರು’ ಎಂದು ಓದಿಕೊಳ್ಳುವುದು ಸುಲಭ. ಬಡತನದಿಂದ ಬಾಯಿ ಕಟ್ಟಿದವರ ಮೌನ ಒಪ್ಪಿಗೆ ಆಗುವುದಿಲ್ಲ.

ಬ್ರಿಟನ್ನಿನಲ್ಲಿ ನಡೆದದ್ದು ಕಣ್ಣೆದುರಿಗಿದೆ. ಅಲ್ಲಿ ಮೊದಲು ಐದು ವರ್ಷದ ಮಿತಿ ಇತ್ತು. ಅವಧಿ ತುಂಬಿದಾಗ ದಂಪತಿಗಳಿಗೆ ಕಾಗದ ಬರೆದರು. ನೂರಾರು ಮಂದಿಯಿಂದ ಉತ್ತರ ಬರಲಿಲ್ಲ. 1996ರ ಆಗಸ್ಟ್‌ನಲ್ಲಿ ಸುಮಾರು 3,300 ಭ್ರೂಣಗಳನ್ನು ಕರಗಿಸಿ ನಾಶಮಾಡಲಾಯಿತು. ದೇಶವೇ ತಲ್ಲಣಿಸಿತು. ಆ ಅನುಭವದಿಂದ ಪಾಠ ಕಲಿತು, ಚರ್ಚಿಸಿ, ತಿದ್ದಿ, 2022ರಲ್ಲಿ ಹತ್ತು ವರ್ಷಕ್ಕೊಮ್ಮೆ ಒಪ್ಪಿಗೆ ನವೀಕರಿಸುತ್ತಾ ಐವತ್ತೈದು ವರ್ಷದವರೆಗೆ ಇಡಬಹುದೆಂಬ ನಿಯಮಕ್ಕೆ ಬಂದರು. ಅವರು ತಪ್ಪಿ ಕಲಿಯಲು ಕಾಲು ಶತಮಾನ ಹಿಡಿಯಿತು. ಭಾರತ ಅದನ್ನೆಲ್ಲ ನೋಡಿಯೂ ಮತ್ತೆ ಅದೇ ಗೋಡೆಗೆ ಹೋಗಿ ಹಾಯುವ ಕಾನೂನು ಬರೆದಿದೆ. ನಮ್ಮ ಕಾಯಿದೆ ಜಾರಿಗೆ ಬಂದ ತಿಂಗಳಲ್ಲಿ ಫ್ರೀಜ್ ಆದ ಭ್ರೂಣಗಳಿಗೆ 2032ರ ಜನವರಿಗೆ ಹತ್ತು ತುಂಬುತ್ತದೆ. ಆ ದಿನ ಯಾರು ಯಾರಿಗೆ ಕಾಗದ ಬರೆಯುತ್ತಾರೆ? ಯಾವ ಭಾಷೆಯಲ್ಲಿ? ಉತ್ತರ ಬಾರದಿದ್ದರೆ ಕ್ಯಾನಿನಿಂದ ಹೊರತೆಗೆಯುವ ಕೈ ಯಾರದು?

ಗಂಡ ಹೆಂಡತಿ ಬೇರೆಯಾದರೆ ಪಾಡು ಇನ್ನೂ ಕಠಿಣ. ಭ್ರೂಣ ಗರ್ಭ ಸೇರುವವರೆಗೆ ಒಪ್ಪಿಗೆ ಹಿಂತೆಗೆದುಕೊಳ್ಳಬಹುದು ಎಂದು ನಮ್ಮ ಕಾಯಿದೆ ಹೇಳುತ್ತದೆ. ನ್ಯಾಯವಾದ ನಿಯಮವೇ. ಆದರೆ ಅದರ ಪೆಟ್ಟು ಇಬ್ಬರ ಮೇಲೂ ಸಮವಾಗಿ ಬೀಳುವುದಿಲ್ಲ. ಇಂಗ್ಲೆಂಡಿನ ನಟಾಲಿ ಇವಾನ್ಸ್‌ಗೆ ಕ್ಯಾನ್ಸರ್ ಲಕ್ಷಣದಿಂದ ಅಂಡಾಶಯ ತೆಗೆಯಬೇಕಾಯಿತು. ಅದಕ್ಕೆ ಮೊದಲು ಸಂಗಾತಿಯ ಜೊತೆ ಸೇರಿ ಆರು ಭ್ರೂಣ ಮಾಡಿಸಿದಳು. ಸಂಬಂಧ ಮುರಿಯಿತು, ಅವನು ಒಪ್ಪಿಗೆ ಹಿಂತೆಗೆದುಕೊಂಡ. 2007ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೂ ಅವಳ ಪರ ನಿಲ್ಲಲಿಲ್ಲ. ತನ್ನದೇ ರಕ್ತದ ಮಗುವನ್ನು ಹೆರುವ ಕೊನೆಯ ಅವಕಾಶ ಹೋಯಿತು. ಅವನಿಗೆ ಬೇರೆ ಹೆಣ್ಣಿನಲ್ಲಿ ಮಕ್ಕಳಾಗಬಹುದು, ಅವಳಿಗೆ ಆಗದು. ಮಕ್ಕಳಾಗಲಿಲ್ಲವೆಂದು ಎರಡನೆಯ ಮದುವೆಯ ಮಾತೆತ್ತುವ ಮನೆಗಳಿರುವ ನಾಡಿನಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಭ್ರೂಣ ಮಾಡುವ ಮೊದಲೇ, ‘ನೀವು ಬೇರೆಯಾದರೆ ಏನಾಗುತ್ತದೆ’ ಎಂದು ಹೆಣ್ಣನ್ನು ಗಂಡನ ಮನೆಯವರಿಲ್ಲದ ಕೋಣೆಯಲ್ಲಿ ಕೂರಿಸಿ ಹೇಳುವ ಆಸ್ಪತ್ರೆಗಳು ಎಷ್ಟಿವೆ? ಒಂದಿಷ್ಟು ಅಂಡಾಣುಗಳನ್ನು ಅವಳ ಹೆಸರಿನಲ್ಲಿ ಮಾತ್ರ ಇಡಬಹುದು ಎಂದು ತಿಳಿಸುವವರು ಯಾರು?

ಭ್ರೂಣ ಇರುವ ಜಾಗವನ್ನೂ ಒಮ್ಮೆ ನೋಡಬೇಕು. ಬೆರಳುದ್ದದ ಸಪೂರ ಪ್ಲಾಸ್ಟಿಕ್ ಕಡ್ಡಿ, ಅದರ ತುದಿಯಲ್ಲಿ ಕಣ್ಣಿಗೆ ಕಾಣದ ಭ್ರೂಣ, ಕಡ್ಡಿಯ ಮೇಲೆ ಹೆಸರು ಮತ್ತು ಸಂಖ್ಯೆ. ಅಂಥ ಕಡ್ಡಿಗಳ ಗೊಂಚಲು ದ್ರವ ಸಾರಜನಕ ತುಂಬಿದ ಕ್ಯಾನಿನಲ್ಲಿ, ಸೊನ್ನೆಗಿಂತ 196 ಡಿಗ್ರಿ ಕೆಳಗೆ ಮುಳುಗಿರುತ್ತದೆ. ಸಾರಜನಕ ದಿನವೂ ಆವಿಯಾಗುತ್ತದೆ; ಯಾರಾದರೂ ಅಳೆದು ತುಂಬುತ್ತಲೇ ಇರಬೇಕು. 2018ರ ಮಾರ್ಚ್‌ನಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನ ಆಸ್ಪತ್ರೆಯೊಂದರಲ್ಲಿ ಟ್ಯಾಂಕಿನ ಉಷ್ಣತೆ ಏರಿ, ಎಚ್ಚರಿಕೆ ಗಂಟೆಯ ಸಂಪರ್ಕ ಇಲ್ಲದ್ದರಿಂದ ಯಾರಿಗೂ ತಿಳಿಯದೆ, ನಾಲ್ಕು ಸಾವಿರಕ್ಕೂ ಹೆಚ್ಚು ಅಂಡಾಣು ಮತ್ತು ಭ್ರೂಣಗಳು ಹಾಳಾದವು. ದಾಖಲೆ ಅದಲುಬದಲಾಗುವುದೂ ಕಟ್ಟುಕತೆಯಲ್ಲ. ದೆಹಲಿಯ ಒಂದು ಆಸ್ಪತ್ರೆಯಲ್ಲಿ ಬೇರೆಯವರ ವೀರ್ಯ ಬಳಕೆಯಾಗಿ 2009ರಲ್ಲಿ ಅವಳಿ ಮಕ್ಕಳು ಹುಟ್ಟಿದ ಪ್ರಕರಣದಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ 2023ರಲ್ಲಿ ಒಂದೂವರೆ ಕೋಟಿ ರೂಪಾಯಿ ದಂಡ ವಿಧಿಸಿತು. ಗೊತ್ತಾದದ್ದು ಮಕ್ಕಳ ರಕ್ತದ ಗುಂಪು ತಾಳೆಯಾಗದ್ದರಿಂದ. ಇಂಥ ಅಪಾಯಗಳಿರುವ ವಸ್ತುವನ್ನು ಹತ್ತು ವರ್ಷ ಕಾಯುವ ಆಸ್ಪತ್ರೆ ನಡುವೆ ಮುಚ್ಚಿದರೆ, ಕೈ ಬದಲಾದರೆ, ಕ್ಯಾನು ಎಲ್ಲಿಗೆ ಹೋಯಿತೆಂದು ಬೆಟ್ಟದ ದಂಪತಿಗೆ ತಿಳಿಸುವ ಹೊಣೆ ಯಾರದು?

ಭ್ರೂಣದ ಬಗ್ಗೆ ಗೌರವದಿಂದ ಮಾತಾಡಿದ ಕೂಡಲೇ, ಗರ್ಭಪಾತದ ಹಕ್ಕಿಗೆ ಧಕ್ಕೆ ಬರುತ್ತದೆ ಎಂದು ಹೆದರಿಸುವವರಿದ್ದಾರೆ. ಆ ಹೆದರಿಕೆಗೆ ಕಾರಣ ಇಲ್ಲವೆಂದಲ್ಲ. 2024ರ ಫೆಬ್ರವರಿಯಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಸುಪ್ರೀಂ ಕೋರ್ಟು ಫ್ರೀಜ್ ಮಾಡಿದ ಭ್ರೂಣವೂ ಮಗುವೇ ಎಂದು ತೀರ್ಪು ಕೊಟ್ಟಾಗ ಅಲ್ಲಿನ ಕೆಲವು ಆಸ್ಪತ್ರೆಗಳು ಐವಿಎಫ್ ನಿಲ್ಲಿಸಿದವು. ಚಿಕಿತ್ಸೆಯ ನಡುವಿದ್ದ ಹೆಂಗಸರು ಬೀದಿಗೆ ಬಿದ್ದರು. ಅದು ತಪ್ಪು ತೀರ್ಪು. ಆದರೆ ಭ್ರೂಣ ಮಗುವಲ್ಲ ಎಂದ ಮಾತ್ರಕ್ಕೆ ಅದು ಕಸವಾಗಬೇಕಿಲ್ಲ. 1992ರಲ್ಲಿ ಟೆನ್ನೆಸಿಯ ನ್ಯಾಯಾಲಯ ವಿಚ್ಛೇದಿತ ದಂಪತಿಯ ಏಳು ಭ್ರೂಣಗಳ ವ್ಯಾಜ್ಯ ಬಿಡಿಸುವಾಗ, ಭ್ರೂಣ ವ್ಯಕ್ತಿಯೂ ಅಲ್ಲ, ಬರೀ ಆಸ್ತಿಯೂ ಅಲ್ಲ, ವಿಶೇಷ ಗೌರವಕ್ಕೆ ತಕ್ಕದ್ದು ಎಂದು ಹೇಳಿತ್ತು. ಹೆಣ್ಣಿನ ಗರ್ಭದ ಮೇಲೆ ಅವಳದೇ ಹಕ್ಕು ಎಂದು ಗಟ್ಟಿಯಾಗಿ ನಂಬುವವರೇ, ಅವಳ ಮೈಯಿಂದ ಬಂದ ಭ್ರೂಣದ ಮೇಲೂ ಅವಳ ಮಾತಿಗೆ ಬೆಲೆ ಬರಲಿ ಎಂದು ಕೇಳಬೇಕು. ಇಂದು ಅವಳ ಮಾತನ್ನು ಒಂದು ಟಿಕ್ ಗುರುತಿಗೆ ಇಳಿಸಿದ್ದೇವೆ.

ಬದಲಾಗಬೇಕಾದ್ದು ಏನೆಂಬುದು ಕಷ್ಟದ ಒಗಟಲ್ಲ. ಚಿಕಿತ್ಸೆಗೆ ಮುಂಚೆ ಪಡೆದ ಒಪ್ಪಿಗೆಯನ್ನು ತಾತ್ಕಾಲಿಕವೆಂದೇ ಕಾನೂನು ಎಣಿಸಲಿ. ಚಿಕಿತ್ಸೆ ಮುಗಿದ ಮೇಲೆ, ಮಗುವಾಗಿರಲಿ ಆಗದಿರಲಿ, ದಂಪತಿಯನ್ನು ಮತ್ತೆ ಕರೆದು ಕೇಳಲಿ. ಆಮೇಲೆ ಕೆಲವು ವರ್ಷಕ್ಕೊಮ್ಮೆ ಕೇಳುತ್ತಿರಲಿ. ಹೇಳುವುದು ಅವರ ಮನೆಮಾತಿನಲ್ಲಿರಲಿ, ಬಾಯಿಮಾತಿನಲ್ಲಿರಲಿ. ಹೇಳುವವರು ಆಸ್ಪತ್ರೆಯ ಆದಾಯಕ್ಕೆ ಕಟ್ಟುಬಿದ್ದವರಾಗಬಾರದು. ಎಷ್ಟು ಅಂಡಾಣು ಫಲೀಕರಿಸಬೇಕು ಎಂಬ ತೀರ್ಮಾನ ಹೆಣ್ಣಿನ ಸಹಿಯೊಂದಿಗೆ ಬೇರೆಯೇ ಹಾಳೆಯಲ್ಲಿ ದಾಖಲಾಗಲಿ. ವಯಸ್ಸಿನ ಮಿತಿಗೂ ಶೇಖರಣೆಯ ಮಿತಿಗೂ ಇರುವ ಒಡಕನ್ನು ಸಂಸತ್ತು ಸರಿಪಡಿಸಲಿ. ಹಣ ಕೈ ಬದಲಾಗದಂತೆ, ರಾಷ್ಟ್ರೀಯ ನೋಂದಣಿಯ ಕಣ್ಣಳತೆಯಲ್ಲಿ, ಇನ್ನೊಂದು ದಂಪತಿಗೆ ಭ್ರೂಣ ಕೊಡುವ ದಾರಿ ತೆರೆಯಲಿ; ಬೇಡವೆನ್ನುವವರು ಕೊಡಬೇಕಿಲ್ಲ. ಶುಲ್ಕ ಕಟ್ಟಲಾಗಲಿಲ್ಲ ಎಂಬ ಒಂದೇ ಕಾರಣಕ್ಕೆ ಯಾವ ಭ್ರೂಣವೂ ನಾಶವಾಗಬಾರದು. ದೇಶದಲ್ಲಿ ಎಷ್ಟು ಭ್ರೂಣಗಳು ಶೀತದಲ್ಲಿವೆ, ಎಷ್ಟು ಬಳಕೆಯಾದವು, ಎಷ್ಟು ನಾಶವಾದವು, ಎಷ್ಟು ಯಾವ ಸಂಶೋಧನೆಗೆ ಹೋದವು ಎಂಬ ಲೆಕ್ಕವನ್ನು ಪ್ರತಿ ವರ್ಷ ಜನರ ಮುಂದಿಡಲಿ.

ಇದು ದೆಹಲಿಯಿಂದಲೇ ಶುರುವಾಗಬೇಕೆಂದು ಕಾಯಬೇಕಿಲ್ಲ. ಚೆನ್ನೈಯ ಎಗ್ಮೋರಿನ ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ತಮಿಳುನಾಡು ಸರ್ಕಾರ ಬಂಜೆತನ ಚಿಕಿತ್ಸಾ ಕೇಂದ್ರ ತೆರೆದಿದೆ. ಉದಕಮಂಡಲದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಅದರ 700 ಹಾಸಿಗೆಗಳ ಆಸ್ಪತ್ರೆ 2025ರ ಏಪ್ರಿಲ್‌ನಲ್ಲಿ ಆರಂಭವಾಯಿತು. ಅಲ್ಲಿ ಐವಿಎಫ್ ಲ್ಯಾಬು ಬರುವುದು ತಡವಾಗಬಹುದು. ಬಡಗು, ತಮಿಳು, ಕನ್ನಡ ಬಲ್ಲ ಇಬ್ಬರು ಸಲಹೆಗಾರ್ತಿಯರನ್ನು ನೇಮಿಸಲು ತಡವೇಕೆ? ಕೊಯಮತ್ತೂರಿಗೆ ಇಳಿಯುವ ಮೊದಲು ದಂಪತಿ ಅಲ್ಲಿಗೆ ಬಂದು, ಕಾಗದದ ಕಟ್ಟನ್ನು ಬಿಚ್ಚಿ, ಹಾಳೆ ಹಾಳೆಯಾಗಿ ಕೇಳಿ ತಿಳಿದುಕೊಳ್ಳುವಂತಾಗಲಿ. ಈಗಾಗಲೇ ಭ್ರೂಣ ಇಟ್ಟಿರುವವರು ಬಂದು ತಮ್ಮ ಸಹಿ ಯಾವುದಕ್ಕೆ ಬಿದ್ದಿದೆ ಎಂದು ನೋಡಿಕೊಳ್ಳುವಂತಾಗಲಿ. ಕೋತಗಿರಿ, ಕೂನೂರು, ಗೂಡಲೂರಿನ ತಾಲ್ಲೂಕು ಆಸ್ಪತ್ರೆಗಳಲ್ಲೂ ತಿಂಗಳಿಗೊಂದು ದಿನ ಆ ಸಲಹೆಗಾರ್ತಿಯರು ಕೂರಲಿ. 2032ರ ಜನವರಿ ಬರುವ ಮುಂಚೆ, ಶೀತದಲ್ಲಿರುವ ಪ್ರತಿ ಭ್ರೂಣದ ಹಿಂದಿರುವ ಹೆಣ್ಣನ್ನು ಹುಡುಕಿ, ಎದುರು ಕೂತು, ಅವಳಿಗೆ ಈಗ ಏನು ಬೇಕೆಂದು ಕೇಳುವ ಕೆಲಸವನ್ನು ಕಾಯಿದೆಯಡಿಯ ರಾಜ್ಯ ಮಂಡಳಿಗಳು ಈ ವರ್ಷವೇ ಶುರುಮಾಡಬೇಕು.